ಒಂದು ವಾದ್ಯ, ನಾಲ್ಕು ಕೈ

ಸಂಗೀತವನ್ನು ಕುರಿತು ನಮ್ಮಲ್ಲಿ ಬರುವ ವಿಮರ್ಶೆಯೆಲ್ಲ ಬಹುಮಟ್ಟಿಗೆ ಕೇಳುಗನ ವಿಮರ್ಶೆ. ಹಾಡುವವರು ವೇದಿಕೆಯ ಮೇಲೆ, ಕೇಳುವವರು ಕೆಳಗೆ. ನಡುವಿನ ಅಂತರವನ್ನು ದಾಟಿ ಬಂದದ್ದೆಷ್ಟು, ದಾಟದೆ ಉಳಿದದ್ದೆಷ್ಟು ಎಂದು ಅಳೆದು ಹೇಳುವುದೇ ವಿಮರ್ಶಕನ ಕೆಲಸವೆಂದು ನಾವು ನಂಬಿದ್ದೇವೆ. ಕಛೇರಿಯ ಸಂಗೀತಕ್ಕೆ ಈ ಅಳತೆ ಸಲ್ಲುತ್ತದೆ. ಆದರೆ ಎದುರಿಗೆ ಕೇಳುಗನೇ ಇಲ್ಲದ, ಮಾಡುವವರೇ ಕೇಳುವವರೂ ಆದ ಸಂಗೀತವೊಂದುಂಟು. ಅದನ್ನು ಅಳೆಯುವ ಕೋಲು ನಮ್ಮ ಬಳಿ ಇದೆಯೇ? ಪಾಶ್ಚಾತ್ಯರ ಪಿಯಾನೊ ಸಂಗೀತದಲ್ಲಿ ಒಂದೇ ವಾದ್ಯದ ಮುಂದೆ ಇಬ್ಬರು ಕುಳಿತು ನಾಲ್ಕು ಕೈಗಳಿಂದ ನುಡಿಸುವ ಪ್ರಕಾರವೊಂದಿದೆ. ಅದರ ಗುಣವನ್ನು ವಿಚಾರಿಸುತ್ತ ಹೋದರೆ ಈ ಪ್ರಶ್ನೆ ವಿಯೆನ್ನಾದಲ್ಲಿಯೇ ನಿಲ್ಲುವುದಿಲ್ಲ. ಆಳಂದ, ಅಫಜಲಪುರ, ಜೇವರ್ಗಿಗಳ ಹಳೆಯ ಮನೆಗಳ ಒಳಗಿನವರೆಗೂ ಬರುತ್ತದೆ. ಅದು ಹೇಗೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಆ ಪ್ರಕಾರದ ಪರಿಚಯವಾಗಬೇಕು. ಇಂದಿನ ಪಿಯಾನೊದಲ್ಲಿ ಕಪ್ಪು ಬಿಳಿ ಸೇರಿ 88 ಪಟ್ಟಿಗಳಿವೆ. ಎಂದರೆ ಏಳು ಸಪ್ತಕಗಳಿಗಿಂತ ತುಸು ಹೆಚ್ಚು. ಅವೆಲ್ಲವುಗಳ ಅಗಲ ಸುಮಾರು ನಾಲ್ಕು ಅಡಿ. ಈ ನಾಲ್ಕು ಅಡಿಯ ಮುಂದೆ ಇಬ್ಬರು ಭುಜಕ್ಕೆ ಭುಜ ಹಚ್ಚಿ ಕೂಡಬೇಕು. ಬಲಕ್ಕೆ ಕುಳಿತು ತಾರದ ಕಡೆಯನ್ನು ನುಡಿಸುವವರಿಗೆ ಪ್ರೀಮೊ ಎಂದೂ ಎಡಕ್ಕೆ ಕುಳಿತು ಮಂದ್ರದ ಕಡೆಯನ್ನು ನುಡಿಸುವವರಿಗೆ ಸೆಕೊಂಡೊ ಎಂದೂ ಹೆಸರು. ಇಟಲಿಯ ಭಾಷೆಯಲ್ಲಿ ಮೊದಲನೆಯವರು, ಎರಡನೆಯವರು ಎಂದಷ್ಟೇ ಅದರ ಅರ್ಥ. ಅಚ್ಚಿನ ಪುಸ್ತಕದಲ್ಲಿ ಎಡ ಪುಟವೆಲ್ಲ ಸೆಕೊಂಡೊಗೆ, ಬಲ ಪುಟವೆಲ್ಲ ಪ್ರೀಮೊಗೆ ಮೀಸಲಾಗಿರುವುದು ರೂಢಿ. ಪುಸ್ತಕ ತೆರೆದರೆ ಇಬ್ಬರೂ ಎದುರೆದುರು ಕಾಣಿಸಿಕೊಳ್ಳುತ್ತಾರೆ.

ಇನ್ನೂ ಒಂದು ಸೂಕ್ಷ್ಮವಿದೆ. ಸ್ವರ ನಿಲ್ಲದೆ ಗುಂಯ್‌ಗುಡುವಂತೆ ಮಾಡುವ ಪೆಡಲ್ ಸಾಮಾನ್ಯವಾಗಿ ಸೆಕೊಂಡೊ ನುಡಿಸುವವರ ಕಾಲಿನ ಕೆಳಗಿರುತ್ತದೆ. ಆದ್ದರಿಂದ ಮೇಲಿನ ರಾಗವನ್ನು ನುಡಿಸುವ ಕೈ ಒಬ್ಬರದು. ಆ ರಾಗ ಎಷ್ಟು ಹೊತ್ತು ಗಾಳಿಯಲ್ಲಿ ಉಳಿಯಬೇಕೆಂದು ತೀರ್ಮಾನಿಸುವ ಕಾಲು ಇನ್ನೊಬ್ಬರದು. ನಡುವಿನ ಸಪ್ತಕದಲ್ಲಿಯಂತೂ ಒಂದೇ ಪಟ್ಟಿ ಇಬ್ಬರಿಗೂ ಬೇಕಾಗುವ ಸಂದರ್ಭಗಳು ಬರುತ್ತವೆ. ಆಗ ಒಬ್ಬರು ತಮ್ಮ ಬೆರಳನ್ನು ಸಕಾಲದಲ್ಲಿ ಎತ್ತಿದರೆ ಮಾತ್ರ ಇನ್ನೊಬ್ಬರ ಬೆರಳಿಗೆ ಸ್ಥಳ. ನುಡಿಸುವುದರ ಜೊತೆಗೆ ಎಡೆಗೊಡುವುದನ್ನೂ ಇಲ್ಲಿ ಕಲಿಯಬೇಕು. ಈ ಎಡೆಗೊಡುವಿಕೆಯೇ ಈ ಕಲೆಯ ಜೀವಾಳವೆಂದು ನನ್ನ ಅಭಿಪ್ರಾಯ.

ಇಬ್ಬರು ಸೇರಿ ಮಾಡುವ ಸಂಗೀತವೆಂದೊಡನೆ ನಮ್ಮ ವಾಚಕರಿಗೆ ಜುಗಲ್‌ಬಂದಿ ನೆನಪಾಗಬಹುದು. ಆದರೆ ಜುಗಲ್‌ಬಂದಿಯಲ್ಲಿ ಇಬ್ಬರಿಗೂ ಸ್ವಂತ ವಾದ್ಯವಿದೆ, ಸ್ವಂತ ನೆಲವಿದೆ. ಒಬ್ಬರು ಎಸೆದ ಪ್ರಶ್ನೆಯನ್ನು ಇನ್ನೊಬ್ಬರು ಹಿಡಿದು ಮರಳಿ ಎಸೆಯುವ ಸೊಗಸು ಅಲ್ಲಿಯದು. ಪಾಶ್ಚಾತ್ಯರಲ್ಲಿ ಇದಕ್ಕೆ ಹೋಲುವುದು ಎರಡು ಪಿಯಾನೊಗಳ ಸಂಗೀತ. ಮೊಜಾರ್ಟ್ 1781ರಲ್ಲಿ ಬರೆದ ಎರಡು ಪಿಯಾನೊಗಳ ಸೊನಾಟ ಇದಕ್ಕೆ ಉತ್ತಮ ಉದಾಹರಣೆ. ಹಾಗೆಯೇ ನಮ್ಮ ಭಜನೆಯ ಮುಮ್ಮೇಳ ಹಿಮ್ಮೇಳವೂ ಬೇರೆ. ಅಲ್ಲಿ ಮುಂದಾಳು ಹೇಳುತ್ತಾನೆ, ಉಳಿದವರು ಹಿಂದೆ ಹೇಳುತ್ತಾರೆ. ಸ್ಥಾನಗಳು ಮೊದಲೇ ಗೊತ್ತಾಗಿವೆ. ಒಂದೇ ವಾದ್ಯದ ನಾಲ್ಕು ಕೈಗಳ ಸಂಗೀತ ಈ ಎರಡೂ ಅಲ್ಲ. ಅದರಲ್ಲಿ ನೆಲ ಒಂದೇ, ಒಡೆಯರಿಬ್ಬರು.

ಈ ಪ್ರಕಾರ ಬೆಳೆದದ್ದು ಮನೆಯೊಳಗೆ. 1765ರಲ್ಲಿ ಒಂಬತ್ತು ವರ್ಷದ ಮೊಜಾರ್ಟ್ ತನ್ನ ಅಕ್ಕ ನಾನೆರ್ಲ್‌ಳೊಡನೆ ಲಂಡನ್ನಿನಲ್ಲಿ ಒಂದೇ ವಾದ್ಯಕ್ಕೆ ಕುಳಿತು ನುಡಿಸಿದ್ದುಂಟು. 1777ರಲ್ಲಿ ಚಾರ್ಲ್ಸ್ ಬರ್ನಿ ಎಂಬ ವಿದ್ವಾಂಸನು ಇಂಥ ಸೊನಾಟಗಳನ್ನು ಲಂಡನ್ನಿನಲ್ಲಿಯೇ ಅಚ್ಚು ಮಾಡಿಸಿದನು. 1780ರ ಸುಮಾರಿಗೆ ಬರೆದ ಮೊಜಾರ್ಟ್ ಮನೆತನದ ವರ್ಣಚಿತ್ರವೊಂದು ಪ್ರಸಿದ್ಧವಾಗಿದೆ. ಅಕ್ಕ ತಮ್ಮ ಒಂದೇ ವಾದ್ಯದ ಮುಂದೆ ಕುಳಿತಿದ್ದಾರೆ. ಒಬ್ಬರ ಕೈ ಇನ್ನೊಬ್ಬರ ಕೈಯನ್ನು ದಾಟಿ ಹೋಗಿದೆ. ತಂದೆ ಪಿಟೀಲು ಹಿಡಿದಿದ್ದಾನೆ. 1778ರಲ್ಲಿ ತೀರಿಕೊಂಡ ತಾಯಿ ಗೋಡೆಯ ಮೇಲಿನ ಚಿತ್ರದಲ್ಲಿದ್ದಾಳೆ. ಈ ಸಂಗೀತ ಎಲ್ಲಿಯದು ಎಂಬುದನ್ನು ಆ ಚಿತ್ರವೇ ಹೇಳುತ್ತದೆ. ಆ ಕಾಲದ ಪಿಯಾನೊಗೆ ಐದೇ ಸಪ್ತಕ. ಇಬ್ಬರ ಮೊಳಕೈ ತಾಗದೆ ನುಡಿಸುವುದೇ ಕಷ್ಟ.

ಮುಂದೆ ಹತ್ತೊಂಬತ್ತನೆಯ ಶತಮಾನದಲ್ಲಿ ಗ್ರಾಮಫೋನು ಇನ್ನೂ ಹುಟ್ಟದಿದ್ದಾಗ, ದೊಡ್ಡ ವಾದ್ಯವೃಂದದ ಸಿಂಫನಿಗಳು ಯುರೋಪಿನ ಸಾಮಾನ್ಯ ಮನೆಗಳಿಗೆ ಬಂದದ್ದು ಈ ನಾಲ್ಕು ಕೈಗಳ ಮೂಲಕವೇ. ಬ್ರಾಮ್ಸ್ ತನ್ನ ಮೊದಲೆರಡು ಸಿಂಫನಿಗಳನ್ನು ತಾನೇ ನಾಲ್ಕು ಕೈಗಳಿಗೆ ಇಳಿಸಿದನು. ಅವನ ಹಂಗೇರಿಯದ ಕುಣಿತಗಳೂ, 1878ರಲ್ಲಿ ಬಂದ ದ್ವೊರ್ಜಾಕ್‌ನ ಸ್ಲಾವ್ ಕುಣಿತಗಳೂ ಮೊದಲು ಹುಟ್ಟಿದ್ದು ನಾಲ್ಕು ಕೈಗಳಿಗಾಗಿ. ಫ್ರಾನ್ಸಿನ ರಾವೆಲ್ ತನ್ನ ಗೆಳೆಯರ ಇಬ್ಬರು ಮಕ್ಕಳಿಗಾಗಿ ಬರೆದ ಬಾತುಕೋಳಿ ಅಜ್ಜಿಯ ಕಥೆಗಳ ಮಾಲೆಯನ್ನು 1910ರಲ್ಲಿ ಪ್ಯಾರಿಸಿನಲ್ಲಿ ಇಬ್ಬರು ಬಾಲಿಕೆಯರೇ ಮೊದಲು ನುಡಿಸಿದರು. ಇವುಗಳ ಜೊತೆಗೆ ಪ್ರಕಾಶಕರ ವ್ಯಾಪಾರಕ್ಕೆಂದು ಬಂದ ಜೊಳ್ಳೂ ರಾಶಿಯಾಗಿ ಬಂದಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಈ ಜೊಳ್ಳಿನಿಂದಾಗಿಯೇ ಇಡೀ ಪ್ರಕಾರಕ್ಕೆ ಮನೆಯ ಹವ್ಯಾಸ, ಕಲಿಯುವ ಮಕ್ಕಳ ಅಭ್ಯಾಸ ಎಂಬ ಕೀಳು ಹೆಸರು ಅಂಟಿಕೊಂಡಿತು.

ಈ ಕೀಳು ಹೆಸರು ಎಂಥ ದೊಡ್ಡ ವಿಮರ್ಶಕನನ್ನೂ ದಾರಿ ತಪ್ಪಿಸಬಲ್ಲದು. ಶೂಬರ್ಟ್ 1824ರಲ್ಲಿ ನಾಲ್ಕು ಕೈಗಳಿಗಾಗಿ ಒಂದು ದೀರ್ಘ ಸೊನಾಟವನ್ನು ಬರೆದನು. ಅವನು ಸತ್ತು ಹತ್ತು ವರ್ಷಗಳ ಮೇಲೆ, 1838ರಲ್ಲಿ, ಅದು ‘ಗ್ರಾಂಡ್ ಡುಓ’ ಎಂಬ ಹೆಸರಿನಿಂದ ಅಚ್ಚಾಯಿತು. ಸ್ವತಃ ರಚನಕಾರನೂ ವಿಮರ್ಶಕನೂ ಆದ ಶೂಮನ್ ಅದನ್ನು ನೋಡಿ, ಇದು ಪಿಯಾನೊ ಕೃತಿಯಾಗಿರಲಾರದು, ಇದು ಸಿಂಫನಿಯೊಂದರ ಇಳಿಸಿದ ರೂಪ ಎಂದು ಭಾವಿಸಿದನು. ಹಸ್ತಪ್ರತಿಯಲ್ಲಿ ಶೂಬರ್ಟನ ಕೈಬರಹವೇ ನಾಲ್ಕು ಕೈಗಳ ಸೊನಾಟವೆಂದು ಹೇಳುತ್ತಿದ್ದರೂ ಆ ಸಂಶಯ ಹೋಗಲಿಲ್ಲ. 1855ರಲ್ಲಿ ಯೊವಾಖಿಮ್ ಅದನ್ನು ವಾದ್ಯವೃಂದಕ್ಕೆ ಅಳವಡಿಸಿಯೂ ಬಿಟ್ಟನು. ಇಲ್ಲಿ ನಡೆದದ್ದೇನು? ಕೃತಿ ದೊಡ್ಡದು ಎಂಬುದನ್ನು ಶೂಮನ್ ಸರಿಯಾಗಿಯೇ ಗುರುತಿಸಿದನು. ಆದರೆ ಇಷ್ಟು ದೊಡ್ಡದು ಇಬ್ಬರು ಕುಳಿತ ಒಂದು ಬೆಂಚಿನ ಮೇಲೆ ಹುಟ್ಟಲು ಸಾಧ್ಯವೆಂದು ಒಪ್ಪಲು ಅವನಿಂದಾಗಲಿಲ್ಲ. ಮನೆಯೊಳಗಿನ ಕಲೆಗೆ ಹಿರಿಮೆ ಬರಬೇಕಾದರೆ ಅದು ಸಭೆಯ ಕಲೆಯಾಗಬೇಕು ಎಂಬ ಪೂರ್ವಗ್ರಹವದು. ಈ ಪೂರ್ವಗ್ರಹವನ್ನು ನಾವು ಮತ್ತೆ ಸಂಧಿಸುವೆವು.

ಈ ಪ್ರಕಾರದ ಶಿಖರವೆಂದು ನಾನು ಎಣಿಸುವ ಕೃತಿ ಶೂಬರ್ಟ್ 1828ರಲ್ಲಿ, ತನ್ನ ಬಾಳಿನ ಕೊನೆಯ ವರ್ಷದಲ್ಲಿ, ಬರೆದ ಎಫ್ ಮೈನರ್ ಫಾಂಟಸಿ. ಆ ವರ್ಷದ ಮೇ ತಿಂಗಳಲ್ಲಿ ಶೂಬರ್ಟ್ ತನ್ನ ಗೆಳೆಯ ಲಾಖ್ನರ್‌ನೊಡನೆ ಕುಳಿತು ಇನ್ನೊಬ್ಬ ಗೆಳೆಯ ಬೌವರ್ನ್‌ಫೆಲ್ಡ್‌ಗೆ ಅದನ್ನು ನುಡಿಸಿ ತೋರಿಸಿದನು. ನವೆಂಬರಿನಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ತೀರಿಕೊಂಡನು. ಕೃತಿಯನ್ನು ಅರ್ಪಿಸಿದ್ದು ಕ್ಯಾರೊಲಿನ್ ಎಸ್ಟರ್‌ಹಾಜಿ ಎಂಬವಳಿಗೆ. ಅವಳು ದೊಡ್ಡ ಜಹಗೀರುದಾರನ ಮಗಳು. ಶೂಬರ್ಟ್ ಶಾಲಾ ಮಾಸ್ತರನ ಮಗ. 1818ರಲ್ಲಿ ಮತ್ತು 1824ರಲ್ಲಿ ಆ ಮನೆತನದ ಹಳ್ಳಿಯ ಬಂಗಲೆಗೆ ಸಂಗೀತ ಕಲಿಸಲು ಹೋದಾಗ, ಮೊದಲ ಸಲ ಅವನ ಬಿಡಾರ ಆಳುಕಾಳುಗಳ ಕಡೆಗಿತ್ತು. ಅಂಥ ಮನೆಯಲ್ಲಿ ಗುರುವೂ ಶಿಷ್ಯೆಯೂ ಪಕ್ಕಪಕ್ಕಕ್ಕೆ ಸರಿಸಮನಾಗಿ ಕೂಡಬಹುದಾದ ಒಂದೇ ಸ್ಥಳವೆಂದರೆ ಪಿಯಾನೊದ ಬೆಂಚು. ಇದರಿಂದ ಪ್ರೇಮಕಥೆಯನ್ನು ಕಟ್ಟುವ ಕೆಲಸವನ್ನು ಇತರರಿಗೆ ಬಿಡೋಣ. ಕೃತಿಯ ಒಳಗೆ ಆ ಬೆಂಚು ಇದೆ ಎಂಬುದಷ್ಟೇ ನಮಗೆ ಮುಖ್ಯ.

ಫಾಂಟಸಿ ಸುಮಾರು ಇಪ್ಪತ್ತು ನಿಮಿಷದ್ದು. ನಾಲ್ಕು ಭಾಗಗಳು ನಡುವೆ ನಿಲ್ಲದೆ ಒಂದರೊಳಗೊಂದು ಸೇರಿವೆ. ಆರಂಭದಲ್ಲಿ ಸೆಕೊಂಡೊ ಮೆಲ್ಲನೆ, ಗುಣುಗುಣಿಸುವಂತೆ, ನೆಲ ಹಾಸಿಕೊಡುತ್ತದೆ. ಅದರ ಮೇಲೆ ಪ್ರೀಮೊ ತನ್ನ ರಾಗವನ್ನು ಇಡುತ್ತದೆ. ನಮ್ಮ ಸ್ವರಗಳಲ್ಲಿ ಹೇಳುವುದಾದರೆ ಪಂಚಮದಿಂದ ಮೇಲಿನ ಷಡ್ಜಕ್ಕೆ ನೆಗೆಯುವ ಒಂದು ಚಿಕ್ಕ ಹಾರಿಕೆ. ಮತ್ತೆ ಅದೇ ಹಾರಿಕೆ. ಹೇಳಲು ಬಾಯಿ ಬಾರದೆ ಮೊದಲ ಮಾತನ್ನೇ ತಿರುಗಿ ತಿರುಗಿ ಹೇಳುವವರಂತೆ. ಎರಡನೆಯ ಭಾಗ ಅರ್ಧ ಸ್ವರ ಮೇಲಕ್ಕೇರಿದ ಇನ್ನೊಂದು ಶ್ರುತಿಯಲ್ಲಿ ಗಡುಸಾಗಿ ನಡೆಯುತ್ತದೆ. ಮೂರನೆಯದು ಚುರುಕಿನದು. ಸಭೆಯಲ್ಲಿ ಕುಳಿತು ಕೇಳುವವರಿಗೆ ಈ ಮೂರನೆಯ ಭಾಗ ತುಸು ಉದ್ದವೆನ್ನಿಸುವುದು ಸಹಜ, ನನಗೂ ಎನ್ನಿಸಿದೆ. ಆದರೆ ಇಪ್ಪತ್ತು ಬೆರಳುಗಳು ಒಂದರ ದಾರಿಗೆ ಇನ್ನೊಂದು ಅಡ್ಡವಾಗದೆ ಓಡುವ ಆಟವೆಂದು ಅದನ್ನು ಕಂಡರೆ ಉದ್ದದ ದೂರು ಅರ್ಧ ಕಡಿಮೆಯಾಗುತ್ತದೆ. ಅದು ನುಡಿಸುವವರ ಸಂತೋಷಕ್ಕಾಗಿ ಇರುವ ಭಾಗ. ಕೊನೆಯಲ್ಲಿ ಮೊದಲ ರಾಗ ಮರಳುತ್ತದೆ. ಬೆನ್ನಹಿಂದೆಯೇ ಫ್ಯೂಗ್ ಬರುತ್ತದೆ. ಫ್ಯೂಗ್ ಎಂದರೆ ಒಂದು ಎಳೆ ಹೇಳಿದ್ದನ್ನು ಇನ್ನೊಂದು ಎಳೆ ಹಿಡಿದು, ಅದನ್ನು ಮತ್ತೊಂದು ಅಟ್ಟಿಸಿಕೊಂಡು ಹೋಗುವ ರಚನೆ. ಇಲ್ಲಿ ಮೊದಲನೆಯವರು, ಎರಡನೆಯವರು ಎಂಬ ಭೇದವೇ ಅಳಿದುಹೋಗುತ್ತದೆ. ಅದು ಏರಿ ಏರಿ, ತುತ್ತತುದಿಯಲ್ಲಿ ಫಕ್ಕನೆ ನಿಲ್ಲುತ್ತದೆ. ಒಂದು ಕ್ಷಣ ಮೌನ. ಆಮೇಲೆ ಮೊದಲಿನ ಆ ಬಡರಾಗ ಇನ್ನೊಮ್ಮೆ ಕಾಣಿಸಿಕೊಂಡು ಕೃತಿ ಮುಗಿಯುತ್ತದೆ.

ರಾದು ಲುಪು, ಮರ್ರೇ ಪೆರಾಯಾ ಎಂಬ ಇಬ್ಬರು ಮಹಾವಾದಕರು 1984ರಲ್ಲಿ ಇಂಗ್ಲೆಂಡಿನ ಸ್ನೇಪ್‌ನಲ್ಲಿ ಮಾಡಿದ ಧ್ವನಿಮುದ್ರಣದಲ್ಲಿ ಮೇಲೆ ಹೇಳಿದ ಮೊಜಾರ್ಟ್‌ನ ಎರಡು ಪಿಯಾನೊಗಳ ಸೊನಾಟವೂ ಶೂಬರ್ಟನ ಈ ಫಾಂಟಸಿಯೂ ಒಟ್ಟಿಗೆ ಸಿಗುತ್ತವೆ. ಎರಡನ್ನೂ ಒಂದಾದಮೇಲೊಂದು ಕೇಳಿದವರಿಗೆ ನನ್ನ ಮಾತು ಸ್ಪಷ್ಟವಾದೀತು. ಮೊದಲನೆಯದರಲ್ಲಿ ಇಬ್ಬರು ಮಾತಾಡುತ್ತಿದ್ದಾರೆ. ಎರಡನೆಯದರಲ್ಲಿ ಯಾರು ಯಾರೆಂದು ಕೇಳುವ ಮನಸ್ಸೇ ಆಗುವುದಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಕಡೆಯ ವಾಚಕರು ಕೇಳಬಹುದು: ಪಿಯಾನೊಗೂ ನಮಗೂ ಏನು ಸಂಬಂಧ? ಮೈಸೂರಿನ ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತದ ಒಳ್ಳೆಯ ಮರ್ಮಜ್ಞರಾಗಿದ್ದರು. ರಷ್ಯದ ರಚನಕಾರ ಮೆಟ್ನರ್‌ನ ಕೃತಿಗಳನ್ನು 1940ರ ದಶಕದ ಕೊನೆಯಲ್ಲಿ ಧ್ವನಿಮುದ್ರಿಸಲು ಹಣ ಒದಗಿಸಿದವರು ಅವರೇ. ಆದರೆ ಅದು ಅರಮನೆಯ ಮಾತು. ನಮ್ಮ ಮೂರು ತಾಲ್ಲೂಕುಗಳಲ್ಲಿ ಪಟ್ಟಿಗಳಿರುವ ವಾದ್ಯವೆಂದರೆ ಹಾರ್ಮೋನಿಯಂ. ಜೇವರ್ಗಿ ಸೀಮೆಯ ಕಡಕೋಳದ ಮಡಿವಾಳಪ್ಪನವರ ತತ್ವಪದಗಳನ್ನು ಹಾಡುವ ಭಜನೆಗಳಲ್ಲಿ ಅದನ್ನು ಎಲ್ಲರೂ ಕಂಡಿದ್ದಾರೆ. ಹಾರ್ಮೋನಿಯಂ ನುಡಿಸುವವನ ಒಂದು ಕೈ ತಿದಿಗೆ, ಒಂದು ಕೈ ಸ್ವರಕ್ಕೆ. ಅದಕ್ಕೆ ಒಬ್ಬನೇ ಸಾಕು, ಒಬ್ಬನಿಗೇ ಸ್ಥಳ. ನಾಲ್ಕು ಕೈಗಳ ಕಲೆಯನ್ನು ಅದರಲ್ಲಿ ಹುಡುಕುವುದು ವ್ಯರ್ಥ. ಅದಿರುವುದು ಅಡುಗೆಮನೆಯ ಪಕ್ಕದಲ್ಲಿ, ಬೀಸುವ ಕಲ್ಲಿನ ಬಳಿ.

ಬೀಸುವ ಕಲ್ಲಿಗೆ ಇಬ್ಬರು ಕೂಡುವ ಬಗೆಯನ್ನು ನೆನೆದುಕೊಳ್ಳಿ. ಕೆಳಗಲ್ಲು ನಿಂತಿದೆ, ಮೇಲ್ಗಲ್ಲು ತಿರುಗುತ್ತದೆ. ಮೇಲ್ಗಲ್ಲಿಗೆ ಇರುವುದು ಒಂದೇ ಗೂಟ. ಅತ್ತಿ ಸೊಸಿ, ನೆಗೆಣ್ಣಿಯರು, ಅಕ್ಕ ತಂಗಿಯರು, ಯಾರೇ ಇರಲಿ, ಎದುರೆದುರು ಕುಳಿತು ಒಂದೇ ಗೂಟವನ್ನು ಹಿಡಿಯುತ್ತಾರೆ. ಒಬ್ಬಳು ಎಳೆದರೆ ಇನ್ನೊಬ್ಬಳು ಬಿಟ್ಟುಕೊಡಬೇಕು. ಇಬ್ಬರೂ ಒಟ್ಟಿಗೆ ಎಳೆದರೆ ಕಲ್ಲು ತಿರುಗದು, ಇಬ್ಬರೂ ಒಟ್ಟಿಗೆ ಬಿಟ್ಟರೆ ನಿಂತೇ ಹೋಗುತ್ತದೆ. ತಿರುಗುವ ಕಲ್ಲನ್ನು ನಿಲ್ಲಿಸದೆಯೇ ಬಿಡುವಾದ ಕೈ ಜೋಳದ ಹಿಡಿಯನ್ನು ಕಲ್ಲಿನ ಬಾಯಿಗೆ ಹಾಕುತ್ತದೆ. ಕಲ್ಲಿನ ಸದ್ದೇ ಶ್ರುತಿ, ಸುತ್ತೇ ತಾಳ. ಇದರ ಮೇಲೆ ಹಾಡು. ಒಬ್ಬಳು ಎತ್ತಿಕೊಂಡ ಸಾಲನ್ನು ಇನ್ನೊಬ್ಬಳು ಹಿಡಿಯುತ್ತಾಳೆ. ಅವಳಿಗೆ ಉಸಿರು ತಿರುಗುವಷ್ಟರಲ್ಲಿ ಇವಳು ಮತ್ತೆ ಎತ್ತುತ್ತಾಳೆ. ಎದುರಿಗೆ ಸಭೆಯಿಲ್ಲ. ಬೆಳಗಿನ ಜಾವದಲ್ಲಿ ಮನೆಯವರೆಲ್ಲ ಮಲಗಿದ್ದಾರೆ. ಕೇಳುವವಳು ಎದುರಿಗೆ ಕುಳಿತವಳೊಬ್ಬಳೇ.

ಈ ಹಾಡಿನ ಛಂದಸ್ಸು ತ್ರಿಪದಿ. ಕನ್ನಡದ ಅತಿ ಹಳೆಯ ಮಟ್ಟುಗಳಲ್ಲೊಂದು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ, ಎಂದರೆ ಸುಮಾರು 700ರಷ್ಟು ಹಿಂದೆಯೇ, ಅದು ಕಾಣಿಸಿಕೊಂಡಿದೆ. ಹನ್ನೊಂದು ಗಣಗಳು, ಅವುಗಳಲ್ಲಿ ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ ಎಂದು ನಾವು ತರಗತಿಗಳಲ್ಲಿ ಹೇಳಿಕೊಡುತ್ತೇವೆ. ಬರೆದರೆ ಮೂರು ಸಾಲು. ಆದರೆ ಹಾಡುವಾಗ ಎರಡನೆಯ ಸಾಲನ್ನು ಮತ್ತೆ ಹಿಡಿದು ಮೂರನೆಯದಕ್ಕೆ ಜೋಡಿಸುವುದರಿಂದ ಅದು ಮೂರರಲ್ಲಿ ನಿಲ್ಲುವುದಿಲ್ಲ, ನಾಲ್ಕಾಗುತ್ತದೆ. ಈ ಮರುಕಳಿಕೆಯನ್ನು ಛಂದಸ್ಸಿನ ಪುಸ್ತಕಗಳು ಗಾಯನದ ಅನುಕೂಲವೆಂದು ಹೇಳಿ ಮುಗಿಸುತ್ತವೆ. ಯಾರ ಅನುಕೂಲ? ಕಲ್ಲಿನ ಬಳಿ ಇಬ್ಬರನ್ನು ಕೂಡಿಸಿ ನೋಡಿದರೆ ಆ ಮರುಕಳಿಕೆ ಎರಡನೆಯವಳು ಒಳಕ್ಕೆ ಬರುವ ಬಾಗಿಲು.

ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದರು. ಹಲಸಂಗಿ ಇರುವುದು ಇಂಡಿ ಸೀಮೆಯಲ್ಲಿ, ನಮ್ಮ ಅಫಜಲಪುರಕ್ಕೆ ನೆರೆಯಲ್ಲಿ. ಅಂದು ಆ ಕಡೆ ಮುಂಬಯಿ ಸರಕಾರ, ಈ ಕಡೆ ನಿಜಾಮರ ಸರಕಾರ. ಹಾಡಿಗೆ ಮಾತ್ರ ಗಡಿಯಿರಲಿಲ್ಲ. ಆ ಗೆಳೆಯರ ಉಪಕಾರವನ್ನು ಕನ್ನಡಿಗರು ಮರೆಯಲಾರರು. ಆದರೆ ಅಚ್ಚಿನ ಪುಟದ ಧರ್ಮವೇ ಬೇರೆ. ಪುಟದ ಮೇಲೆ ಉಳಿಯುವುದು ಮೂರು ಸಾಲು ಮಾತ್ರ. ಆ ಮೂರು ಸಾಲನ್ನು ಓದಿದ ನಮ್ಮ ವಿಮರ್ಶೆ ಅದನ್ನು ಭಾವಗೀತೆಯ ಪಕ್ಕದಲ್ಲಿಟ್ಟು, ತವರನ್ನು ನೆನೆದು ಒಬ್ಬಳೇ ಕೊರಗುವ ಗರತಿಯೊಬ್ಬಳನ್ನು ಕಲ್ಪಿಸಿಕೊಂಡಿತು. ಶೂಮನ್‌ನ ಪೂರ್ವಗ್ರಹ ಇಲ್ಲಿ ಮತ್ತೆ ಕಾಣಿಸುತ್ತದೆ. ಹಾಡಿನ ಹಿರಿಮೆಯನ್ನು ನಾವು ಗುರುತಿಸಿದೆವು. ಆದರೆ ಆ ಹಿರಿಮೆಗಾಗಿ ಅದನ್ನು ಅದಲ್ಲದ ಬೇರೊಂದನ್ನಾಗಿ ಮಾಡಿಕೊಂಡೆವು. ಅಲ್ಲಿ ಅವನು ಇಬ್ಬರನ್ನು ವಾದ್ಯವೃಂದವೆಂದು ಬಗೆದನು. ಇಲ್ಲಿ ನಾವು ಇಬ್ಬರನ್ನು ಒಬ್ಬಳೆಂದು ಬಗೆದೆವು.

ತರಗತಿಯಲ್ಲಿ ತ್ರಿಪದಿಗಳ ಪಾಠ ನಡೆದಾಗ ಅಫಜಲಪುರದ ಕಡೆಯ ವಿದ್ಯಾರ್ಥಿನಿಯೊಬ್ಬಳು ಎದ್ದು, “ಸರ್, ಇದನ್ನ ಯಾರಿಗೆ ಹೇಳಾಕತ್ತಾಳ?” ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಅತ್ತಿಯ ಮನೆಯ ಕಷ್ಟವನ್ನು ಹೇಳುವ ಪದ, ಎದುರಿಗೆ ಗೂಟ ಹಿಡಿದು ಕುಳಿತವಳು ತವರಿನ ತಂಗಿಯಾದರೆ ಒಂದು ಅರ್ಥ. ಅದೇ ಕಷ್ಟವನ್ನು ಉಣ್ಣುತ್ತಿರುವ ನೆಗೆಣ್ಣಿಯಾದರೆ ಇನ್ನೊಂದು ಅರ್ಥ. ಸ್ವತಃ ಅತ್ತಿಯೇ ಆದರೆ ಮೂರನೆಯದೇ ಒಂದು ಅರ್ಥ. ಮೂರು ಸಾಲಿನ ಮಾತು ಅದೇ ಇದ್ದರೂ ಕವಿತೆ ಬದಲಾಗುತ್ತದೆ. ಅತ್ತಿಯ ಎದುರಿಗೇ ತವರನ್ನು ಹೊಗಳಿ ಹಾಡಿದಾಗ, ಆ ಸಾಲನ್ನು ಅತ್ತಿ ತನ್ನ ಬಾಯಿಂದಲೇ ಹಿಡಿದು ಮುಂದುವರಿಸಬೇಕಲ್ಲವೇ? ಅವಳೂ ಒಂದು ಕಾಲಕ್ಕೆ ತವರನ್ನು ಬಿಟ್ಟು ಬಂದವಳು. ಬಾಯಿಮಾತಿನಲ್ಲಿ ಆಡಲಾಗದ್ದು ಹಾಡಿನಲ್ಲಿ ಇಬ್ಬರದೂ ಆಗಿಬಿಡುತ್ತದೆ. ಜಹಗೀರುದಾರನ ಮನೆಯ ಬೆಂಚಿನ ಮೇಲೆ ನಡೆದದ್ದೂ ಹೆಚ್ಚುಕಡಿಮೆ ಇದೇ.

ಹೋಲಿಕೆಯನ್ನು ಎಳೆಯಬಾರದಷ್ಟು ಎಳೆದೆನೆಂದು ಕೆಲವರು ಆಕ್ಷೇಪಿಸಬಹುದು. ಪಿಯಾನೊ ವಾದ್ಯ, ಬೀಸುವ ಕಲ್ಲು ದುಡಿಮೆಯ ಸಾಧನ; ಅದು ಉಳ್ಳವರ ವಿರಾಮ, ಇದು ಇಲ್ಲದವರ ಬೆವರು. ಈ ಅಂತರ ನಿಜ. ನಸುಕಿನಲ್ಲಿ ಎದ್ದು ಮನೆಮಂದಿಗೆಲ್ಲ ರೊಟ್ಟಿಯ ಹಿಟ್ಟು ಬೀಸುವುದು ತೋಳು ಕೀಳುವ ಕೆಲಸ; ಊರಿಗೆ ಗಿರಣಿ ಬಂದದ್ದು ಹೆಂಗಸರ ಪಾಲಿಗೆ ಬಿಡುಗಡೆಯೇ ಹೊರತು ಕೇಡಲ್ಲ. ಕಲ್ಲು ಮರಳಿ ಬರಲಿ ಎಂದು ಹಾಡಿನ ಆಸೆಯಿಂದ ಹಂಬಲಿಸುವವರು ಒಂದು ಸೇರು ಜೋಳ ಬೀಸಿ ನೋಡಲಿ. ಎಲ್ಲ ಪದಗಳೂ ಉತ್ತಮ ಕವಿತೆಯೆಂದೂ ನಾನು ಹೇಳುತ್ತಿಲ್ಲ; ಯುರೋಪಿನ ಪ್ರಕಾಶಕರ ಜೊಳ್ಳಿನಂತೆ ಇಲ್ಲಿಯೂ ಗಣ ತುಂಬಿಸಲು ಬಂದ ಮಾತುಗಳು ಬೇಕಾದಷ್ಟಿವೆ. ನಾನು ಹೇಳುತ್ತಿರುವುದು ಇಷ್ಟೇ: ಎರಡು ಕಡೆಯೂ ಕಲೆಯ ಹುಟ್ಟು ಒಂದೇ ಬಗೆಯದು. ಒಂದೇ ನೆಲವನ್ನು ಇಬ್ಬರು ಹಂಚಿಕೊಂಡಾಗ ಬೇಕಾಗುವ ಎಡೆಗೊಡುವಿಕೆಯಿಂದ ಅದು ಹುಟ್ಟಿದೆ. ಆ ಎಡೆಯನ್ನು ಕಾಣದ ವಿಮರ್ಶೆ ಅರ್ಧ ಪುಟವನ್ನು ಮಾತ್ರ ಓದಿದಂತೆ.

ಹಾಗೆ ನೋಡಿದರೆ ಪಾಶ್ಚಾತ್ಯರ ಭಾಗ್ಯ ದೊಡ್ಡದು. ಅವರ ಪುಸ್ತಕದಲ್ಲಿ ಎಡ ಪುಟವೂ ಉಳಿದಿದೆ. ಶೂಬರ್ಟನ ಎರಡನೆಯವರು ಏನು ನುಡಿಸಬೇಕೆಂಬುದು ಇಂದಿಗೂ ಅಕ್ಷರಶಃ ಸಿಗುತ್ತದೆ. ನಮ್ಮಲ್ಲಿ ಎಡ ಪುಟ ಅಚ್ಚಾಗಲೇ ಇಲ್ಲ. ಅದು ಮುದುಕಿಯರ ಬಾಯಲ್ಲಿದೆ. ಆಳಂದದ ಪಕ್ಕದ ಮಹಾರಾಷ್ಟ್ರದಲ್ಲಿ ಹೇಮಾ ರಾಯಿರ್ಕರ್, ಗೀ ಪ್ವಾತೆವ್ಯಾ ಎಂಬ ಇಬ್ಬರು ವಿದ್ವಾಂಸರು 1980ರ ದಶಕದಿಂದ ಶ್ರಮಿಸಿ, ಮರಾಠಿಯ ಬೀಸುವ ಕಲ್ಲಿನ ಓವಿಗಳನ್ನು ಲಕ್ಷಕ್ಕೂ ಮೀರಿ ಸಂಗ್ರಹಿಸಿದರು. ಅವುಗಳಲ್ಲಿ ಕೆಲವನ್ನು ಹಾಡಿದ ಹೆಂಗಸರ ಧ್ವನಿಯಲ್ಲಿಯೇ ಮುದ್ರಿಸಿಡಲಾಗಿದೆ. ನಮ್ಮ ಮೂರು ತಾಲ್ಲೂಕುಗಳಲ್ಲಿ ಆಗಬೇಕಾದ ಕೆಲಸ ಅದರ ಮುಂದಿನ ಹೆಜ್ಜೆ. ಈಗ ಪ್ರತಿಯೊಬ್ಬ ವಿದ್ಯಾರ್ಥಿಯ ಜೇಬಿನಲ್ಲಿಯೂ ಧ್ವನಿ ಹಿಡಿಯುವ ಯಂತ್ರವಿದೆ. ಪದ ಸಂಗ್ರಹಿಸಲು ಹೋದವರು ಒಬ್ಬ ಅಜ್ಜಿಯನ್ನು ಕೂಡಿಸಿ ಸಾಲುಗಳನ್ನು ಹೇಳಿಸಿಕೊಂಡು ಬರುತ್ತಾರೆ. ಇನ್ನು ಮೇಲೆ ಇಬ್ಬರನ್ನು ಕೂಡಿಸಲಿ; ಆಗುವುದಾದರೆ ಮೂಲೆಯಲ್ಲಿ ಬಿದ್ದಿರುವ ಕಲ್ಲನ್ನೂ ನಡುವೆ ಇಡಲಿ. ಯಾರು ಎತ್ತಿದರು, ಯಾರು ಹಿಡಿದರು, ಎಲ್ಲಿ ಹಿಡಿದರು, ಇಬ್ಬರಿಗೂ ಏನು ನಂಟು ಎಂಬುದನ್ನು ಬರೆದುಕೊಳ್ಳಲಿ. ಅಚ್ಚು ಮಾಡುವಾಗ ಎಡ ಪುಟ ಒಬ್ಬರಿಗೆ, ಬಲ ಪುಟ ಒಬ್ಬರಿಗೆ ಇರಲಿ.

ಗೂಟ ಹಿಡಿದು ಹಾಡಿದ ತಲೆಮಾರಿನವರು ಈಗ ಬಹಳ ಮುಪ್ಪಿನವರು. ಜೋಡಿಯಲ್ಲಿ ಒಬ್ಬರು ಹೋದರೂ ಪದ ಉಳಿಯಬಹುದು, ಮೂರು ಸಾಲಾಗಿ. ಇಬ್ಬರೂ ಇರುವ ಮನೆಗಳು ಯಾವ ಊರಿನಲ್ಲಿ ಎಷ್ಟಿವೆಯೆಂದು ಮೊದಲು ಎಣಿಸಿಕೊಳ್ಳುವುದು ಒಳ್ಳೆಯದು.